ಮನೆಯಲ್ಲೇ ಪಿಸಿಬಿ: ಗೆರೆ ಸುಲಭ, ತೂತೇ ಕಷ್ಟ

ಕೊನೆಗೂ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಒಂದು ಪಿಸಿಬಿ (ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ತೂತಿನಲ್ಲಿ ಕೂರಿಸಿ ತಾಮ್ರದ ಗೆರೆಗಳಿಂದ ಜೋಡಿಸುವ ಬೋರ್ಡ್) ಬೆಳಿಗ್ಗೆ ಶುರುವಾಗಿ ಸಂಜೆಯೊಳಗೆ ಮುಗಿಯುವ ಹಾಗಾಗಿದೆ. ಇಲ್ಲಿಗೆ ಬಂದು ಮುಟ್ಟಲು ಹೆಚ್ಚುಕಡಿಮೆ ಅರ್ಧ ವರ್ಷ ಹಿಡಿಯಿತು. ಅದರಲ್ಲಿ ಬೋರ್ಡ್ ಮಾಡಿದ್ದಕ್ಕಿಂತ ಸಾಮಾನು ಹುಡುಕಿದ್ದು, ಕಾದದ್ದು, ಕಾಗದಪತ್ರ ಕಳಿಸಿದ್ದೇ ಜಾಸ್ತಿ. ಯಾವುದನ್ನು ಮೊದಲು ಕೊಳ್ಳಬೇಕು, ಯಾವುದು ನಿಧಾನವಾಗಿ ಬಂದರೂ ಆದೀತು ಎಂದು ಕನ್ನಡದಲ್ಲಿ ಹೇಳುವವರು ಯಾರೂ ಸಿಗಲಿಲ್ಲ. ಅದಕ್ಕೇ ಎಲ್ಲ ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ.

ನಾನಿರುವುದು ಶಿವಮೊಗ್ಗದಲ್ಲಿ. ಸ್ಟೆಬಿಲೈಸರ್, ಯುಪಿಎಸ್, ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ನನ್ನ ಕೆಲಸ. ತೋಟದ ಮೋಟಾರಿಗೆ ಬರುವ ಮೂರು ಫೇಸ್‌ಗಳಲ್ಲಿ ಒಂದು ಹೋದರೆ ಅದು ಉಳಿದೆರಡರ ಮೇಲೇ ಗುಂಯ್ ಎನ್ನುತ್ತಾ ಕಾಯಿಲ್ ಸುಟ್ಟುಕೊಳ್ಳುತ್ತದೆ. ರಿವೈಂಡಿಂಗ್‌ಗೆ ಸಾವಿರಾರು ರೂಪಾಯಿ, ಜೊತೆಗೆ ಬೇಸಿಗೆಯಲ್ಲಿ ತೋಟಕ್ಕೆ ನೀರಿಲ್ಲ. ಫೇಸ್ ಹೋದ ಕೂಡಲೇ ಸ್ಟಾರ್ಟರನ್ನು ಬಿಡಿಸುವ ಬೋರ್ಡ್ ಅಂಗಡಿಯಲ್ಲೂ ಸಿಗುತ್ತದೆ. ಆದರೆ ನಮ್ಮ ಕಡೆಯ ಏರುಪೇರು ವೋಲ್ಟೇಜಿಗೆ ಹೊಂದುವಂಥದ್ದನ್ನು ನಾನೇ ಮಾಡಬೇಕು ಎಂಬುದು ಬಹಳ ದಿನದ ಆಸೆ.

ಬೋರ್ಡನ್ನು ಹೊರಗೆ ಮಾಡಿಸಬಹುದು. ಚೀನಾದ ಜೆಎಲ್‌ಸಿಪಿಸಿಬಿ 10 ಸೆಂ.ಮೀ. ಚದರದ ಐದು ಬೋರ್ಡಿಗೆ 2 ಡಾಲರ್ ಎಂದು ಜಾಹೀರಾತು ಕೊಡುತ್ತದೆ. ಬೆಂಗಳೂರಲ್ಲೇ ಲಯನ್ ಸರ್ಕ್ಯೂಟ್ಸ್‌ನಂಥವರೂ ಇದ್ದಾರೆ. ಸಾಗಣೆ, ಸುಂಕ ಸೇರಿದ ಮೇಲೆ 2 ಡಾಲರ್ ಅಷ್ಟಕ್ಕೇ ನಿಲ್ಲುವುದಿಲ್ಲ, ಅದು ಬೇರೆ ಮಾತು. ನನಗೆ ದೊಡ್ಡ ತೊಂದರೆ ಆಗಿದ್ದು ಕಾಯುವುದು. ಪ್ರಯೋಗದ ಹಂತದಲ್ಲಿ ಒಂದು ರೆಸಿಸ್ಟರ್ ಜಾಗ ಬದಲಾದರೂ ಹೊಸ ಬೋರ್ಡ್ ಬೇಕು. ಪ್ರತಿ ಬದಲಾವಣೆಗೂ ವಾರಗಟ್ಟಲೆ ಕೂತರೆ ಕೆಲಸ ಮುಂದೆ ಹೋಗುವುದು ಹೇಗೆ? ಪ್ರಯೋಗದ ಬೋರ್ಡ್ ಮನೆಯಲ್ಲಿ, ಕೊನೆಯದು ಫ್ಯಾಕ್ಟರಿಯಲ್ಲಿ ಎಂದು ನಿರ್ಧರಿಸಿದೆ. ನೀವೂ ಹಾಗೇ ಮಾಡಿ. ಮೂರು ಫೇಸ್ ಕರೆಂಟ್ ಹರಿಯುವ ಬೋರ್ಡನ್ನು ಮನೆಯಲ್ಲಿ ಮಾಡಿ ಮಾರಲು ಮಾತ್ರ ಹೋಗಬೇಡಿ.

ಡಿಸೈನ್‌ಗೆ ಖರ್ಚಿಲ್ಲ. ಕಿಕ್ಯಾಡ್ ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ. 1992ರಲ್ಲಿ ಫ್ರಾನ್ಸಿನ ಜಾನ್-ಪಿಯರ್ ಶರಾಸ್ ಶುರುಮಾಡಿದ್ದು ಇದು. ಆಮೇಲೆ ಯುರೋಪಿನ ಅಣು ಸಂಶೋಧನಾ ಸಂಸ್ಥೆ ಸೆರ್ನ್ ಕೂಡ ಕೈಜೋಡಿಸಿತು. ನಾಲ್ಕೈದು ಸಂಜೆ ಕೂತರೆ ಒಂದು ಮಗ್ಗುಲಿನ ಬೋರ್ಡ್ ಮಾಡುವಷ್ಟು ಕೈಗೆ ಹತ್ತುತ್ತದೆ.

ಮೊದಲು ಹಿಡಿದದ್ದು ಇಸ್ತ್ರಿ ಪೆಟ್ಟಿಗೆ ದಾರಿ. ಲೇಸರ್ ಪ್ರಿಂಟರಿನ ಟೋನರ್ ಅಂದರೆ ಕರಗುವ ಪ್ಲಾಸ್ಟಿಕ್ ಪುಡಿ. ನುಣುಪು ಕಾಗದದ ಮೇಲೆ ಚಿತ್ರ ಮುದ್ರಿಸಿ, ತಾಮ್ರದ ಹಾಳೆಯ ಮೇಲೆ ಮಗುಚಿಟ್ಟು ಬಿಸಿಯಾಗಿ ಒತ್ತಿದರೆ ಟೋನರ್ ತಾಮ್ರಕ್ಕೆ ಅಂಟುತ್ತದೆ. ಅಂಟದ ಕಡೆಯ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸಿದರೆ ಟೋನರ್ ಕೆಳಗಿನ ತಾಮ್ರ ಗೆರೆಯಾಗಿ ಉಳಿಯುತ್ತದೆ. ಇಂಕ್‌ಜೆಟ್ ಪ್ರಿಂಟರಿನಲ್ಲಿ ಇದು ಆಗುವುದಿಲ್ಲ. ದಪ್ಪ ಗೆರೆ ಚೆನ್ನಾಗಿಯೇ ಬಂತು. ಐಸಿ, ಅಂದರೆ ಚಿಪ್ಪಿನ, ಕಾಲುಗಳ ನಡುವೆ ಹಾಯುವ ಸಣ್ಣ ಗೆರೆ ಮಾತ್ರ ಒಮ್ಮೆ ಬಂದರೆ ಇನ್ನೊಮ್ಮೆ ಬರಲಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಕಾಗದವೂ ಮೆತ್ತಗಾಗುತ್ತದೆ, ಉಜ್ಜಿಟ್ಟ ತಾಮ್ರವೂ ಮಾರನೆಯ ದಿನಕ್ಕೆ ಮಂಕಾಗುತ್ತದೆ. ಒಂದೆರಡು ಬೋರ್ಡ್ ಸಾಕು ಎನ್ನುವವರಿಗೆ ಈ ದಾರಿ ಧಾರಾಳ. ಮತ್ತೆ ಮತ್ತೆ ಮಾಡುವವರಿಗೆ ಬೆಳಕಿನ ದಾರಿಯೇ ಸರಿ, ಅಂದರೆ ಬೆಳಕು ಬಿದ್ದ ಕಡೆ ಗಟ್ಟಿಯಾಗುವ ಡ್ರೈ ಫಿಲ್ಮ್.

ಸಾಮಾನಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋದೆ. ಮೆಜೆಸ್ಟಿಕ್‌ನಿಂದ ಆಟೋ ಹಿಡಿದರೆ ಹತ್ತಿರ. ಭಾನುವಾರ ಬಹುಪಾಲು ಅಂಗಡಿ ಮುಚ್ಚಿರುತ್ತವೆ, ಊರಿಂದ ಹೋಗುವವರು ನೆನಪಿಟ್ಟುಕೊಳ್ಳಿ. ಬೋರ್ಡ್ ಕೇಳಿದ ಕೂಡಲೇ ಅಂಗಡಿಯವರು, “ಮೇಡಂ, ಗ್ಲಾಸ್ ಕೊಡ್ಲಾ, ಹೈಲಮ್ ಕೊಡ್ಲಾ?” ಎಂದರು. ಗ್ಲಾಸ್ ಅಂದರೆ ಗಾಜಿನ ನಾರು ಮತ್ತು ಎಪಾಕ್ಸಿಯ ಎಫ್‌ಆರ್-4. ಹೈಲಮ್ ಅಂದರೆ ಕಾಗದ ಮತ್ತು ರಾಳದ ಕಂದು ಬೋರ್ಡ್. ಹೈಲಮ್ ಅಗ್ಗ, ತೂತು ಕೊರೆಯುವುದೂ ಸಲೀಸು, ಆದರೆ ತೇವ ಹೀರುತ್ತದೆ. ತೋಟದ ಪಂಪ್‌ಹೌಸಿನಲ್ಲಿ ಇರಬೇಕಾದ ಬೋರ್ಡಿಗೆ ಅದು ಬೇಡ ಎಂದು ಗ್ಲಾಸ್ ತೆಗೆದುಕೊಂಡೆ. 1.6 ಮಿ.ಮೀ. ದಪ್ಪ, ಒಂದು ಮಗ್ಗುಲಿಗೆ 35 ಮೈಕ್ರಾನ್ ತಾಮ್ರ. ಈ 35 ಮೈಕ್ರಾನನ್ನೇ ಅಂಗಡಿಯಲ್ಲಿ ಒಂದು ಔನ್ಸ್ ಎನ್ನುತ್ತಾರೆ. ಗಾಜು ಡ್ರಿಲ್ ಬಿಟ್ಟನ್ನು ಎಷ್ಟು ಬೇಗ ತಿಂದುಹಾಕುತ್ತದೆ ಎಂಬುದು ಊರಿಗೆ ಬಂದ ಮೇಲೆ ಗೊತ್ತಾಯಿತು.

ಅಲ್ಲಿ ಬೇಡದ ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡೂ ಇತ್ತು, ಆದರೆ ತರಲಿಲ್ಲ. ಇದು ಲೋಹ ತಿನ್ನುವ ರಾಸಾಯನಿಕ, ರೈಲಿನಲ್ಲಿ ಒಯ್ಯುವಂತಿಲ್ಲ. ಕೊರಿಯರ್‌ನವರೂ ತೆಗೆದುಕೊಳ್ಳಲು ಒಪ್ಪಲಿಲ್ಲ. ಕೊನೆಗೆ ನಮ್ಮೂರಲ್ಲೇ ಕಾಲೇಜುಗಳಿಗೆ ಲ್ಯಾಬ್ ಸಾಮಾನು ಕೊಡುವ ಅಂಗಡಿಯಲ್ಲಿ ಸಿಕ್ಕಿತು. ಏನಕ್ಕೆ ಎಂದು ಕೇಳಿದರು, ಆಧಾರ್ ನಕಲು ಇಸಿದುಕೊಂಡರು, ಬಿಲ್ ಕೊಟ್ಟರು. ಆ ಬಿಲ್ ಎಸೆಯಬೇಡಿ, ಎರಡನೇ ಸಲ ಹೋದಾಗ ಅದನ್ನು ತೋರಿಸಿದರೆ ಸಾಕಾಗುತ್ತದೆ. ಕರಗಿಸುವಾಗ ನೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಪುಡಿಯ ಮೇಲೆ ನೀರು ಸುರಿಯಬಾರದು. ಕುದಿಯುವಷ್ಟು ಬಿಸಿಯಾಗಿ ಘಾಟು ಎದ್ದೀತು. ಗಾಳಿಯಾಡುವ ಕಡೆ, ಕೈಗವಸು, ಕನ್ನಡಕ ಹಾಕಿಕೊಂಡೇ ಮಾಡಿ.

ಡ್ರೈ ಫಿಲ್ಮ್ ಅಂಟಿಸಲು ಲ್ಯಾಮಿನೇಟರ್ ಬೇಕು. ಐಡಿ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಸುತ್ತಾರಲ್ಲ, ಅದೇ ಯಂತ್ರ. ಇಲ್ಲೊಂದು ತೊಡಕಿದೆ. ಸಣ್ಣ ಲ್ಯಾಮಿನೇಟರುಗಳ ರೋಲರ್ ಸಂದಿಯಲ್ಲಿ 1.6 ಮಿ.ಮೀ. ಬೋರ್ಡ್ ನುಗ್ಗುವುದೇ ಇಲ್ಲ. ಡಬ್ಬಿ ಮೇಲೆ ಈ ವಿಷಯ ಬರೆದಿರುವುದಿಲ್ಲ, ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಬೋರ್ಡಿನ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಯಂತ್ರ ಬಿಸಿಮಾಡಿಸಿ, ನಿಮ್ಮೆದುರೇ ಹಾಯಿಸಿ ನೋಡಿ. ಹೊಸ ಯಂತ್ರದೊಳಗೆ ಬೋರ್ಡ್ ತೂರಿಸಲು ಹೆಚ್ಚಿನವರು ಒಪ್ಪಲಿಲ್ಲ. ನಮ್ಮ ಬೀದಿಯ ಝೆರಾಕ್ಸ್ ಅಂಗಡಿಯವರು ಬಳಸಿ ಬಿಟ್ಟಿದ್ದ ಎ3 ಅಳತೆಯ ಗಟ್ಟಿ ಯಂತ್ರವನ್ನು ಸುಮಾರು 3,000 ರೂಪಾಯಿಗೆ ಕೊಟ್ಟರು. ರೋಲರ್ ಒರೆಸಿ ಬಳಸುತ್ತಿದ್ದೇನೆ, ಇವತ್ತಿಗೂ ಒಂದು ತಕರಾರಿಲ್ಲ.

ಡ್ರೈ ಫಿಲ್ಮ್ ನೋಡಲು ನೀಲಿ ಪ್ಲಾಸ್ಟಿಕ್ ಹಾಳೆ. ಬೆಳಕಿಗೆ ಗಟ್ಟಿಯಾಗುವ ತೆಳು ಪದರ, ಎರಡೂ ಕಡೆ ಅದನ್ನು ಕಾಯುವ ಪಾರದರ್ಶಕ ಹಾಳೆ. ಕೋಣೆಯ ಬಿಳಿ ದೀಪ ಆರಿಸಿ ಹಳದಿ ಬಲ್ಬ್ ಹಾಕಿಕೊಳ್ಳಬೇಕು. ಮೊದಲ ಹಾಳೆ ಬಿಡಿಸುವುದೇ ದೊಡ್ಡ ಕೆಲಸ. ಉಗುರಿಗೆ ಅದು ಸಿಕ್ಕುವುದೇ ಇಲ್ಲ. ಮೂಲೆಯಲ್ಲಿ ಮೇಲೊಂದು, ಕೆಳಗೊಂದು ಸೆಲೋ ಟೇಪ್ ತುಂಡು ಅಂಟಿಸಿ, ಎರಡನ್ನೂ ಪಟ್ಟನೆ ಬೇರೆ ಬೇರೆ ಎಳೆದರೆ ಒಂದು ಪೊರೆ ಎದ್ದು ಬರುತ್ತದೆ. ಪೊರೆ ಎದ್ದ ಮಗ್ಗುಲನ್ನು ಉಜ್ಜಿ ತೊಳೆದು ಒಣಗಿಸಿದ ತಾಮ್ರದ ಅಂಚಿಗೆ ಒತ್ತಿ, ಲ್ಯಾಮಿನೇಟರಿನಲ್ಲಿ ಹಾಯಿಸಬೇಕು. ಗುಳ್ಳೆ ಉಳಿದ ಕಡೆ ಗೆರೆ ಹೋಯಿತು ಅಂತಲೇ ಲೆಕ್ಕ. ತಾಮ್ರಕ್ಕೆ ಬೆರಳು ತಾಗಿದ ಕಡೆಯೂ ಅಷ್ಟೆ, ಜಿಡ್ಡಿನ ಮೇಲೆ ಫಿಲ್ಮ್ ಹಿಡಿಯುವುದಿಲ್ಲ.

ಆಮೇಲೆ ಚಿತ್ರದ ಹಾಳೆ. ಬೆಳಕು ಬಿದ್ದ ಕಡೆ ಫಿಲ್ಮ್ ಗಟ್ಟಿಯಾಗುವುದರಿಂದ ಚಿತ್ರ ನೆಗೆಟಿವ್ ಇರಬೇಕು. ಗೆರೆ ಬರುವ ಜಾಗ ಪಾರದರ್ಶಕ, ಉಳಿದದ್ದೆಲ್ಲ ಕಪ್ಪು. ಡಿಟಿಪಿ ಅಂಗಡಿಯಲ್ಲಿ ಓಎಚ್‌ಪಿ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿಕೊಡುತ್ತಾರೆ. ಅಲ್ಲಿ ಒಂದು ವಿಷಯ ಒತ್ತಿ ಹೇಳಿ: ಪುಟಕ್ಕೆ ಹೊಂದಿಸುವ ಆಯ್ಕೆ ತೆಗೆದು, ಸರಿಯಾಗಿ 100 ಶೇಕಡಾ ಅಳತೆಯಲ್ಲಿ ಮುದ್ರಿಸಬೇಕು ಅಂತ. ನಾನು 40 ಕಾಲಿನ ಐಸಿಯೊಂದನ್ನು ಪರ್ಸಿನಲ್ಲೇ ಇಟ್ಟುಕೊಂಡು ಹೋಗುತ್ತೇನೆ. ಅದರ ಕಾಲುಗಳ ಅಂತರ 2.54 ಮಿ.ಮೀ. ಹಾಳೆಯ ಮೇಲಿಟ್ಟರೆ ಈ ತುದಿಯಿಂದ ಆ ತುದಿಗೆ ಎಲ್ಲ ಕಾಲೂ ಚುಕ್ಕಿಯ ಮೇಲೇ ಕೂರಬೇಕು. ಅರ್ಧ ಮಿ.ಮೀ. ಜಾರಿದರೂ ಹಣ ಕೊಡುವ ಮೊದಲೇ ಇನ್ನೊಂದು ಮುದ್ರಿಸಿಕೊಳ್ಳಿ. ಕಪ್ಪು ಸಾಲದಿದ್ದರೆ ಎರಡು ಹಾಳೆ ಒಂದರ ಮೇಲೊಂದು ಕೂಡಿಸಿ ಅಂಟಿಸಿ.

ಬೆಳಕಿಗೆ ಉಗುರು ಬಣ್ಣ ಒಣಗಿಸುವ ಯುವಿ ದೀಪ ಸಾಕು. ಎಷ್ಟು ಹೊತ್ತು ಎಂದು ಯಾರನ್ನೂ ಕೇಳಬೇಡಿ, ಒಂದೊಂದು ದೀಪಕ್ಕೆ ಒಂದೊಂದು ಲೆಕ್ಕ. ಒಂದು ಪಟ್ಟಿಗೆ ಫಿಲ್ಮ್ ಅಂಟಿಸಿ, ಮೇಲೆ ರಟ್ಟು ಮುಚ್ಚಿ, 30 ಸೆಕೆಂಡಿಗೊಮ್ಮೆ ರಟ್ಟನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋಗಿ. ತೊಳೆದ ಮೇಲೆ ಯಾವ ಪಟ್ಟೆ ಗಟ್ಟಿ ನಿಂತಿದೆಯೋ ಅದೇ ನಿಮ್ಮ ಸಮಯ. ಬೆಳಕು ತಾಗಿದ ಕಡೆ ತಿಳಿ ನೀಲಿ ಹೋಗಿ ಗಾಢ ನೇರಳೆ ಬರುತ್ತದೆ. ಆ ಗೆರೆಗಳು ಹಳದಿ ಬೆಳಕಿನಲ್ಲಿ ಮೊದಲ ಸಲ ಕಂಡಾಗ ನನಗಂತೂ ಖುಷಿ ತಡೆಯಲಾಗಲಿಲ್ಲ. ಕೆಳಗೆ ಹೋಗಿ ಅಮ್ಮನನ್ನು ಕರೆದುಕೊಂಡು ಬಂದು ತೋರಿಸಿದೆ.

ಇನ್ನು ಎರಡನೇ ಪೊರೆ ಬಿಡಿಸಿ, ಲೀಟರ್ ನೀರಿಗೆ 10 ಗ್ರಾಂ ವಾಷಿಂಗ್ ಸೋಡಾ ಕರಗಿಸಿ, ಮೆತ್ತನೆಯ ಬ್ರಷ್ಷಿನಲ್ಲಿ ಸವರುತ್ತಾ ಹೋಗಬೇಕು. ಅಡುಗೆ ಸೋಡಾ ಅಲ್ಲ, ಬಟ್ಟೆಗೆ ಹಾಕುವ ಸೋಡಾ. ಬೆಳಕು ಕಾಣದ ಕಡೆ ಫಿಲ್ಮ್ ಲೋಳೆಯಾಗಿ ಕರಗಿ ಕೆಳಗಿನ ತಾಮ್ರ ಕಾಣುತ್ತದೆ. ಪೂರ್ತಿ ಹೋಯಿತೇ ಇಲ್ಲವೇ ಎನ್ನುವುದು ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೊಂದು ಉಪಾಯ ಇದೆ. ಬೋರ್ಡನ್ನು ಫೆರಿಕ್ ಕ್ಲೋರೈಡಿನಲ್ಲಿ ಕೆಲವು ಸೆಕೆಂಡ್ ಅದ್ದಿ, ತೊಳೆದು ನೋಡಿ. ತೆರೆದ ತಾಮ್ರವೆಲ್ಲ ಹೊಳಪು ಕಳೆದು ಒಂದೇ ಸಮನೆ ಮಂಕಾಗಿರಬೇಕು. ಎಲ್ಲಾದರೂ ಹೊಳಪು ಉಳಿದಿದ್ದರೆ ಅಲ್ಲಿ ಫಿಲ್ಮ್ ಇನ್ನೂ ಇದೆ. ಮತ್ತೆ ಸೋಡಾ ನೀರಿಗೆ ಹಾಕಿ.

ತಾಮ್ರ ಕರಗಿಸಲು ಪ್ಲಾಸ್ಟಿಕ್ ತಟ್ಟೆಯೇ ಆಗಬೇಕು, ಸ್ಟೀಲ್ ಮುಟ್ಟಿಸಲೇಬಾರದು. ತಟ್ಟೆಯನ್ನು ಬಿಸಿ ನೀರಿನ ಟಬ್ಬಿನಲ್ಲಿ ತೇಲಿಬಿಟ್ಟು ಅಲುಗಾಡಿಸುತ್ತಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಬಟ್ಟೆಗೆ, ನೆಲಕ್ಕೆ ಬಿದ್ದರೆ ಕಲೆ ಹೋಗುವುದಿಲ್ಲ.

ಇಷ್ಟೂ ಕೆಲಸ ಕೈಗೆ ಹತ್ತಲು ಬಹಳ ದಿನ ಬೇಕಾಗಲಿಲ್ಲ. ನಿಜವಾದ ಕಷ್ಟ ಶುರುವಾದದ್ದು ಆಮೇಲೆ, ತೂತಿನಲ್ಲಿ.

ನನ್ನ ಬೋರ್ಡಿನಲ್ಲಿ ನೂರಕ್ಕೂ ಹೆಚ್ಚು ತೂತು. ರೆಸಿಸ್ಟರ್‌ಗೆ 0.8 ಮಿ.ಮೀ., ಕನೆಕ್ಟರಿಗೆ 1 ಮಿ.ಮೀ. ಮತ್ತು ಮೇಲೆ. ಕೈಯಲ್ಲಿ ಹಿಡಿಯುವ 12 ವೋಲ್ಟಿನ ಪುಟ್ಟ ಡ್ರಿಲ್ ತೆಗೆದುಕೊಂಡಿದ್ದೆ. ಮಾಮೂಲಿ ಸ್ಟೀಲ್ ಬಿಟ್ ಗಾಜಿನ ಬೋರ್ಡಿಗೆ ಕೆಲವೇ ತೂತಿನಲ್ಲಿ ಮೊಂಡಾಗುತ್ತದೆ. ಕಾರ್ಬೈಡ್ ಬಿಟ್ ಚೂಪು ಉಳಿಯುತ್ತದೆ, ಆದರೆ ಕೈ ಒಂದು ಕೂದಲೆಳೆ ವಾಲಿದರೂ ಟಣ್ ಎಂದು ಮುರಿಯುತ್ತದೆ. ತೂತು ಸರಿದರೆ ಐಸಿ ಕೂರುವುದಿಲ್ಲ, ಒತ್ತಿ ಕೂರಿಸಿದರೆ ತೂತಿನ ಸುತ್ತಲಿನ ತಾಮ್ರದ ಬಳೆ ಕಿತ್ತು ಬರುತ್ತದೆ. ಚೆಂದದ ಗೆರೆಯಿದ್ದ ಬೋರ್ಡುಗಳು ಹೀಗೆ ಹಾಳಾದಾಗ ತುಂಬ ಬೇಜಾರಾಯಿತು. ಈ ದಾರಿ ಹಿಡಿಯುವವರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ: ದೊಡ್ಡ ಖರ್ಚು ಮಾಡುವುದಿದ್ದರೆ ತೂತಿಗೆ ಮಾಡಿ. ಕಡಿಮೆ ಹಣ ಇದ್ದರೆ ಕನಿಷ್ಠ ಅಲುಗಾಡದ ಡ್ರಿಲ್ ಸ್ಟ್ಯಾಂಡ್ ಕೊಳ್ಳಿ.

ನಾನು 3018 ಎಂಬ ಸಿಎನ್‌ಸಿ ಯಂತ್ರ ತರಿಸಿದೆ, ಅಂದರೆ ಕಂಪ್ಯೂಟರ್ ಹೇಳಿದ ಜಾಗದಲ್ಲಿ ತಾನೇ ಕೊರೆಯುವ, ಕೆತ್ತುವ ಯಂತ್ರ. 30 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ ಕೆಲಸ ಮಾಡುತ್ತದೆ ಎಂದು ಆ ಹೆಸರು. 2020ರ ನವೆಂಬರಿನಲ್ಲಿ ಚೀನಾದ ಆನ್‌ಲೈನ್ ಅಂಗಡಿ ಅಲಿಎಕ್ಸ್‌ಪ್ರೆಸ್‌ನ ಆ್ಯಪ್ ನಮ್ಮಲ್ಲಿ ನಿಷೇಧವಾದ ಮೇಲೆ ಆ ದಾರಿ ಮುಚ್ಚಿದೆ. ತಯಾರಕರೊಬ್ಬರ ವೆಬ್‌ಸೈಟಿನಿಂದಲೇ ತರಿಸಿಕೊಂಡೆ. ಪಾರ್ಸೆಲ್ ಭಾರತಕ್ಕೆ ಬೇಗ ಬಂತು, ಬಂದು ಕಸ್ಟಮ್ಸ್‌ನಲ್ಲಿ ನಿಂತಿತು. ಮೊದಲು ಕೊರಿಯರ್‌ನವರು ಆಧಾರ್ ಮತ್ತು ಸಹಿ ಮಾಡಿದ ಅನುಮತಿ ಪತ್ರ ಕೇಳಿದರು. ಅದು ಕಳಿಸಿದ ಮೇಲೆ ಸಾಮಾನಿನ ಚಿತ್ರ, ಏನಕ್ಕೆ ಬಳಸುತ್ತೀರಿ ಎಂಬ ಒಂದು ಪತ್ರ. ಆಮೇಲೆ ಬೆಲೆಯ ಪ್ರಶ್ನೆ. ಮಾರಿದವರು ಪೆಟ್ಟಿಗೆ ಮೇಲಿನ ಇನ್‌ವಾಯ್ಸಿನಲ್ಲಿ ನಾನು ಕೊಟ್ಟದ್ದಕ್ಕಿಂತ ತೀರಾ ಕಡಿಮೆ ಬೆಲೆ ಬರೆದಿದ್ದರು. ಸುಂಕ ಉಳಿಯಲಿ ಎಂಬ ಉಪಕಾರ ಇರಬೇಕು, ಅದರಿಂದ ಆದದ್ದು ತೊಂದರೆಯೇ. ಬ್ಯಾಂಕ್ ಸ್ಟೇಟ್‌ಮೆಂಟ್, ಆರ್ಡರ್ ಪುಟದ ಪ್ರತಿ ಕಳಿಸಿ ನಿಜವಾದ ಬೆಲೆಗೇ ಸುಂಕ ಹಾಕಿ ಎಂದು ಬರೆದೆ. ಒಂದೊಂದು ಉತ್ತರಕ್ಕೂ ಕೆಲವು ದಿನ. ಅಷ್ಟರಲ್ಲಿ ಗೋದಾಮಿನ ಬಾಡಿಗೆ ಬೇರೆ ಏರುತ್ತಿತ್ತು. ಪಾರ್ಸೆಲ್ ವಾಪಸ್ಸು ಹೋಗಿಬಿಟ್ಟರೆ ಎಂಬ ಆತಂಕದಲ್ಲಿ ರಾತ್ರಿ ಎದ್ದು ಮೇಲ್ ನೋಡಿದ್ದೂ ಉಂಟು.

ತರಿಸುವವರಿಗೆ ನನ್ನ ಮಾತು ಇಷ್ಟು. ಆರ್ಡರ್ ಮಾಡುವಾಗಲೇ ಪೂರ್ತಿ ಬೆಲೆ ಬರೆಯಿರಿ ಎಂದು ಅವರಿಗೆ ತಿಳಿಸಿ. ಸುಂಕ ಹಾಕುವುದು ಸಾಮಾನಿನ ಬೆಲೆಗೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತಕ್ಕೆ. ಅದರ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕುವ ಜಿಎಸ್‌ಟಿ, ಬರುತ್ತದೆ. ಲೇಸರ್ ಸೇರಿದ ಕಿಟ್ ಬೇಡ, ಪಿಸಿಬಿಗೆ ಅದರ ಅಗತ್ಯ ಇಲ್ಲ, ಇನ್ನಷ್ಟು ಪ್ರಶ್ನೆಗೆ ದಾರಿ ಅಷ್ಟೆ. ಎಲ್ಲ ಸೇರಿ ನನಗೆ 24,000 ರೂಪಾಯಿ ಹತ್ತಿರ ಬಿತ್ತು. ಇದೇ ಯಂತ್ರ ಇಟ್ಟುಕೊಂಡಿರುವ ಮಾರಾಟಗಾರರು ನಮ್ಮ ದೇಶದಲ್ಲೂ ಇದ್ದಾರೆ, ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಈಗ ಯಾರಾದರೂ ಕೇಳಿದರೆ ಇಲ್ಲೇ ಕೊಳ್ಳಿ ಎನ್ನುತ್ತೇನೆ.

ಯಂತ್ರ ಬಿಡಿಬಿಡಿಯಾಗಿ ಬರುತ್ತದೆ, ಜೋಡಿಸಲು ಒಂದು ದಿನ ಬೇಕು. ಗೆರೆಯನ್ನೂ ಇದರಲ್ಲೇ ಕೆತ್ತಬಹುದು. ಫ್ಲ್ಯಾಟ್‌ಕ್ಯಾಮ್ ಎಂಬ ಸಾಫ್ಟ್‌ವೇರ್ ಕಿಕ್ಯಾಡಿನ ಫೈಲನ್ನು ಯಂತ್ರದ ಭಾಷೆಗೆ ಬದಲಿಸುತ್ತದೆ. ಆದರೆ ತಾಮ್ರ ಇರುವುದೇ 35 ಮೈಕ್ರಾನ್, ಬೋರ್ಡ್ ಅದಕ್ಕಿಂತ ಎಷ್ಟೋ ಜಾಸ್ತಿ ಬಾಗಿರುತ್ತದೆ. ಮೊದಲು ಸೂಜಿಯಿಂದ ಬೋರ್ಡಿನ ಎತ್ತರ ಅಳೆಸಿಕೊಳ್ಳದೆ ಕೆತ್ತಿದರೆ ಒಂದು ಕಡೆ ಆಳ, ಇನ್ನೊಂದು ಕಡೆ ಗೀರೂ ಇಲ್ಲ. ಅಳೆಸಿ ಕೆತ್ತಿಸಿಯೂ ನೋಡಿದೆ. ಬರುತ್ತದೆ, ಆದರೆ ಗಂಟೆಗಟ್ಟಲೆ ಕಿರ್ ಎನ್ನುವ ಸದ್ದು, ಗಾಜಿನ ದೂಳು. ನನ್ನ ಮಟ್ಟಿಗೆ ಗೆರೆಗೆ ಫಿಲ್ಮೇ ಮೇಲು. ಈ ಯಂತ್ರದ ಬೆಲೆ ಗೊತ್ತಾಗುವುದು ತೂತು ಕೊರೆದಾಗ, ಬೋರ್ಡಿನ ಅಂಚು ಕತ್ತರಿಸಿದಾಗ. ಬಿಟ್ ನೇರ ಇಳಿದು ನೇರ ಏಳುತ್ತದೆ. ಕಾರ್ಬೈಡ್ ಬಿಟ್ ಮುರಿಯುವುದು ನಿಂತೇಹೋಯಿತು.

ಇದರಿಂದ ಕೆಲಸದ ಕ್ರಮವೂ ತಿರುಗಿತು. ಈಗ ಮೊದಲು ತೂತು, ಆಮೇಲೆ ಫಿಲ್ಮ್. ಖಾಲಿ ತಾಮ್ರದ ಮೇಲೆ ಎಲ್ಲ ತೂತು ಕೊರೆಸಿ, ಎದ್ದ ಚೂರನ್ನು ನಯವಾದ ಮರಳು ಕಾಗದದಲ್ಲಿ ಉಜ್ಜಿ, ಫಿಲ್ಮ್ ಅಂಟಿಸಿ, ಹಾಳೆಯ ಚುಕ್ಕಿಗಳನ್ನು ತೂತಿಗೆ ಕೂಡಿಸುತ್ತೇನೆ. ಹಿಂದಿನಿಂದ ಹಳದಿ ಬೆಳಕು ಹಿಡಿದರೆ ಕೂಡಿದ್ದು ಚೆನ್ನಾಗಿ ಕಾಣುತ್ತದೆ.

ಕರೆಂಟಿನ ಕಾಟ ಮಾತ್ರ ನಾನು ಎಣಿಸಿರಲಿಲ್ಲ. ಅಗ್ಗದ 3018ರಲ್ಲಿ ತುದಿ ತಿಳಿಸುವ ಸ್ವಿಚ್ ಇರುವುದಿಲ್ಲ. ಕೆಲಸದ ಮಧ್ಯೆ ಕರೆಂಟ್ ಹೋದರೆ ತಾನು ಎಲ್ಲಿದ್ದೆ ಎಂಬುದೇ ಅದಕ್ಕೆ ಮರೆತುಹೋಗುತ್ತದೆ. ಬೋರ್ಡಿನ ಮೂಲೆಯಲ್ಲಿ, ನಕ್ಷೆಯ ಹೊರಗೆ, ಒಂದು ಗುರುತಿನ ತೂತು ಕೊರೆಸಿಕೊಳ್ಳಿ. ಬಿಟ್ಟನ್ನು ಅದರೊಳಗೆ ಇಳಿಸಿ ಅದನ್ನೇ ಸೊನ್ನೆ ಎಂದರೆ ಮತ್ತೆ ಅಲ್ಲಿಂದಲೇ ಮುಂದುವರಿಯಬಹುದು. ನಾನು ಯಂತ್ರವನ್ನೂ ಕಂಪ್ಯೂಟರನ್ನೂ ಯುಪಿಎಸ್‌ಗೆ ಹಾಕಿದ್ದೇನೆ.

ಗಾಜಿನ ದೂಳು ಉಸಿರಿಗೆ ಹೋಗಬಾರದು. ಮೂಗಿಗೆ ಒಳ್ಳೆಯ ಮಾಸ್ಕ್, ಪಕ್ಕದಲ್ಲಿ ವ್ಯಾಕ್ಯೂಮ್, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಪೊರಕೆ ಬೇಡ. ಇನ್ನು ಬಳಸಿದ ಫೆರಿಕ್ ಕ್ಲೋರೈಡ್. ಇದನ್ನು ನೋಡಿ ಸೋದರಮಾವ ಕೇಳಿದರು: “ಅಲ್ಲ ಮಾರಾಯ್ತಿ, ಕೊಳೆರೋಗಕ್ಕೆ ನಾವು ಮೈಲುತುತ್ತ ಹೊಡೆಯಲ್ವಾ? ಇದೂ ತಾಮ್ರವೇ. ಅಡಿಕೆ ಬುಡಕ್ಕೆ ಹೊಯ್ದರೆ ಏನಾಗುತ್ತೆ?” ಪ್ರಶ್ನೆ ಸರಿಯಾದದ್ದೇ. ಆದರೆ ಅವರು ಹೊಡೆಯುವ ಆ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, ಅದರ ಹುಳಿ ಮುರಿಯಲು 1 ಕೆಜಿ ಸುಣ್ಣ ಹಾಕುತ್ತಾರೆ. ಇದು ನೀರು ಬೆರೆಸದ, ಹುಳಿ ಮುರಿಯದ, ತಾಮ್ರ ತುಂಬಿದ ದ್ರವ. ಮಣ್ಣಿಗೂ ಬೇಡ, ಚರಂಡಿಗೂ ಬೇಡ, ಬಚ್ಚಲಿಗಂತೂ ಬೇಡವೇ ಬೇಡ. ವಾಷಿಂಗ್ ಸೋಡಾ ಸ್ವಲ್ಪ ಸ್ವಲ್ಪ ಹಾಕಿದರೆ ನೊರೆ ಉಕ್ಕಿ, ಆಮೇಲೆ ಕೆಸರು ತಳಕ್ಕೆ ಕೂರುತ್ತದೆ. ಕೆಸರನ್ನು ಪ್ಲಾಸ್ಟಿಕ್ ಕ್ಯಾನಿನಲ್ಲಿ ಹೆಸರು ಬರೆದು ಇಟ್ಟಿದ್ದೇನೆ. ಹಾನಿಕಾರಕ ತ್ಯಾಜ್ಯ ತೆಗೆದುಕೊಳ್ಳಲು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ಕೊಡಬೇಕು.

ಖರ್ಚು ಸುಮಾರಾಗಿ ಹೀಗೆ: ಲ್ಯಾಮಿನೇಟರ್ 3,000, ಫಿಲ್ಮ್ ಸುರುಳಿ 700, ಯುವಿ ದೀಪ 1,000, ಬೋರ್ಡ್, ರಾಸಾಯನಿಕ, ಬಿಟ್‌ಗಳು ಎಲ್ಲ ಸೇರಿ 3,000. ಸಿಎನ್‌ಸಿ ಬಿಟ್ಟರೆ 8,000 ರೂಪಾಯಿ ಒಳಗೇ ಆಗುತ್ತದೆ. ಗೆಳೆಯರು ಸೇರಿ ಸಿಎನ್‌ಸಿಯೊಂದನ್ನು ಹಂಚಿಕೊಂಡರೆ ಇನ್ನೂ ಒಳ್ಳೆಯದು.

ಮುಗಿದ ಬೋರ್ಡಿನ ತಾಮ್ರ ಬತ್ತಲೆ ಇದ್ದರೆ ಮಲೆನಾಡಿನಲ್ಲಿ ಬೇಗ ಕಪ್ಪಾಗುತ್ತದೆ. ಬೆಸುಗೆಗೆ ಬಳಸುವ ರಾಳವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕರಗಿಸಿ ಒಂದು ಕೈ ಬಳಿದರೆ ತಾಮ್ರ ಉಳಿಯುತ್ತದೆ, ಬೆಸುಗೆಯೂ ಸಲೀಸು. ಹೆಚ್ಚು ವೋಲ್ಟಿನ ಗೆರೆಗಳ ನಡುವೆ ನಾನು ಕನಿಷ್ಠ 6 ಮಿ.ಮೀ. ಬಿಡುತ್ತೇನೆ, ಆಗುವ ಕಡೆ ನಡುವೆ ಯಂತ್ರದಿಂದ ಸೀಳನ್ನೂ ಕತ್ತರಿಸುತ್ತೇನೆ. ಸ್ಟಾರ್ಟರ್ ಡಬ್ಬಿಯೊಳಗೆ ಇರುವೆ, ಹಲ್ಲಿ ನುಗ್ಗುವುದು ನಮ್ಮ ಕಡೆ ಮಾಮೂಲಿ, ಅಲ್ವಾ? ಪ್ರಯೋಗದ ಬೋರ್ಡ್ ಮೇಜಿನ ಮೇಲೆ ಮೂರು ಫೇಸ್‌ನಲ್ಲಿ ಯಾವುದನ್ನು ತೆಗೆದರೂ ರಿಲೇಯನ್ನು ಬಿಡಿಸುತ್ತಿದೆ. ಇನ್ನೊಂದಿಷ್ಟು ದಿನ ಹೀಗೇ ಓಡಿಸಿ ನೋಡಿ, ಮಾವನ ತೋಟಕ್ಕೆ ಹಾಕುವುದನ್ನು ಸೋಲ್ಡರ್ ಮಾಸ್ಕ್ (ತಾಮ್ರವನ್ನು ಕಾಯುವ ಮೇಲ್ಪದರ) ಹಾಕಿಸಿ ಬೆಂಗಳೂರಿನಲ್ಲೇ ಮಾಡಿಸುತ್ತೇನೆ.